ಎಫ್‌ಗೆ ನಿಂತ ಪಾಠ

"ಕಳ್ಳ ಅನ್ನಕ್ಕೆ ಇಂಗ್ಲೀಷ್‌ನಾಗೆ ಏನಂತಾರಮ್ಮ?"

ಅಮ್ಮಾಜಿ ಕರಿಹಲಗೆಯಿಂದ ತಿರುಗಿದಳು.

ಜಗಲಿಯ ಮೇಲೆ ಕುಳಿತಿದ್ದ ಕಾನ್‌ಸ್ಟೇಬಲ್‌ಗಳ್ಯಾರೂ ಬಾಯಿ ತೆರೆದಿರಲಿಲ್ಲ. ಕೇಳಿದವನು ಕೆಳಗೆ ಅಂಗಳದಲ್ಲಿ ನಿಂತಿದ್ದ. ಆಗತಾನೆ ಚಿನ್ನದ ಗಣಿಯಿಂದ ಮೇಲೆ ಬಂದವನು. ತಲೆಯಿಂದ ಪಾದದವರೆಗೆ ಬೂದು ಧೂಳು. ಆ ಧೂಳಿನ ನಡುವೆ ಕಣ್ಣುಗಳು ಮಾತ್ರ ಕೋಪದಿಂದ ಹೊಳೆಯುತ್ತಿದ್ದವು.

"ಥೀಫ್," ಎಂದಳು ಅಮ್ಮಾಜಿ. ದನಿ ಯಾಕೋ ಸಣ್ಣದಾಯಿತು.

"ತೀಪು! ಅದೇ, ಅದೇ! ಗೇಟಿನ ಸಾಹೇಬ ದಿನಾ ನನ್ನ ಮೈ ತಡವಿ ಅಂಗೇ ಅಂತಾನೆ. ನಾನು ಇಷ್ಟು ದಿನ ನಕ್ಕೊಂಡು ಸಲಾಂ ಒಡೀತಿದ್ದೆ. ಏನೋ ಒಳ್ಳೆ ಮಾತು ಅಂತ!"

ಕಾನ್‌ಸ್ಟೇಬಲ್‌ಗಳು ಹೊಟ್ಟೆ ಹಿಡಿದು ನಕ್ಕರು. ಅವರಲ್ಲಿ ದಪ್ಪನೆಯ ಬಚ್ಚಪ್ಪ ಕಣ್ಣೊರೆಸಿಕೊಂಡು ಗದರಿದ.

"ಓಗ್ಲಾ ಕದಿರಾ, ಇದು ಪೋಲೀಸ್ನೋರ ಪಾಠ. ನಿಂಗ್ಯಾಕ್ಲಾ?"

"ಇಡಿಯೋನಿಗೆ ಇಂಗ್ಲೀಷ್ ಬೇಕು, ಇಡಿಸ್ಕೊಳ್ಳೋನಿಗೆ ಬ್ಯಾಡ್ವಾ ಬಚ್ಚಪ್ಪಣ್ಣ?"

ಅಮ್ಮಾಜಿ ನಕ್ಕುಬಿಟ್ಟಳು!

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅವಳ ತಂದೆ ಕೋದಂಡಪ್ಪ ಬೆಚ್ಚಿ ಕಣ್ಣು ಬಿಟ್ಟರು. ಮಗಳ ನಗು ಕೇಳಿ ಅವರಿಗೇ ಎಷ್ಟೋ ವರ್ಷಗಳಾಗಿದ್ದವು. ಅವಳಿಗೆ ಹನ್ನೆರಡು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ. ಕುಂಕುಮ, ಬಳೆ, ಕಿವಿಯ ಓಲೆ ಎಲ್ಲ ತೆಗೆಸಿದ ಮೇಲೆ ಕೋದಂಡಪ್ಪ ಅವಳನ್ನು ಪಾದ್ರಿಗಳ ಶಾಲೆಗೆ ಹಾಕಿದ್ದರು. ಈಗ ಗಣಿಯೂರಾದ ಕೋರಮಂಡಲ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಟೀಚರು. ಕೋದಂಡಪ್ಪ ಕೋರ್ಟಿನ ಜವಾನ. ಪೋಲೀಸರಿಗೆ ಕೋರ್ಟಿನ ಇಂಗ್ಲೀಷ್ ಪದಗಳಾದರೂ ಬರಲಿ ಎಂದು ಇನ್‌ಸ್ಪೆಕ್ಟರು ಆಸೆಪಟ್ಟಾಗ, ಸಂಜೆಯ ಪಾಠ ಅವರ ಜಗಲಿಯ ಮೇಲೇ ಶುರುವಾಗಿತ್ತು.

"ಕೂತ್ಕೊಳ್ಳಿ," ಎಂದಳು ಅಮ್ಮಾಜಿ.

ಕದಿರಪ್ಪ ಜಗಲಿ ಹತ್ತಲಿಲ್ಲ. ಮೈಯ ಧೂಳು ನೋಡಿಕೊಂಡು ಮೆಟ್ಟಿಲ ಮೇಲೆ ಕುಳಿತ.

ಅಂದಿನಿಂದ ಪಾಳಿ ಮುಗಿದ ಕೂಡಲೇ ಅವನು ಬರತೊಡಗಿದ. ಊರು ಕಾಮಸಮುದ್ರ. ಅಲ್ಲಿ ತಾಯಿಯೊಬ್ಬಳು. ಇಲ್ಲಿ ನೆಲದಡಿಯಲ್ಲಿ ಅದಿರಿನ ಗಾಡಿ ತಳ್ಳುವ ಕೆಲಸ.

ಪಾದ್ರಿ ಶಾಲೆಯಲ್ಲಿ ಕಲಿತಂತೆ ಅಮ್ಮಾಜಿ ಅಕ್ಷರಕ್ರಮದಲ್ಲೇ ಕಲಿಸುತ್ತಿದ್ದಳು. ಎ ಆದ ಮೇಲೆ ಬಿ, ಬಿ ಆದ ಮೇಲೆ ಸಿ. ಹಾರಿಸುವಂತಿಲ್ಲ.

"ಅಕ್ಯೂಸ್ಡ್. ಅಂದರೆ ಆರೋಪಿ."

"ಅಂಗಂದ್ರೆ ಕಳ್ಳಾನಾ?" ಕದಿರಪ್ಪ ಕೇಳಿದ.

"ಅಲ್ಲ. ಕಳ್ಳನೋ ಅಲ್ಲವೋ ಇನ್ನೂ ಗೊತ್ತಿಲ್ಲದವನು."

"ಒಳ್ಳೆ ಪದ. ಗೇಟಿನ ಸಾಹೇಬನಿಗೆ ಇದು ಬರಾಕಿಲ್ಲ ಅಂತ ಕಾಣ್ತದೆ!"

ಬಿ ಬಂದಿತು. ಬೇಲ್.

"ಬೇಲು ಅಂದ್ರೆ?"

"ನಿಮಗಾಗಿ ಇನ್ನೊಬ್ಬರು ಬಂದು ನಿಲ್ಲೋದು. ಇವರನ್ನು ಬಿಡಿ, ನಾನಿದ್ದೀನಿ ಅನ್ನೋದು."

"ನಂಗ್ಯಾರು ನಿಲ್ತಾರೆ? ನಮ್ಮವ್ವ ನಿಲ್ತಾಳೆ..." ಅವನು ತಲೆ ಎತ್ತಿದ. "ನೀವು ನಿಲ್ತೀರಾ?"

ಅಮ್ಮಾಜಿ ತಿರುಗಿ ಹಲಗೆಯ ಮೇಲೆ ಸಿ ಎಂದು ಬರೆದಳು. ಬರೆದದ್ದರ ಮೇಲೇ ಇನ್ನೊಮ್ಮೆ ತಿದ್ದಿದಳು. 'ಏನಾಗ್ತಿದೆ ನನಗೆ? ಅಪ್ಪ ಇಲ್ಲೇ ಕೂತಿದ್ದಾರೆ...'

ಕೇಸ್, ಕನ್ವಿಕ್ಟ್, ಕೋರ್ಟ್, ಕಟಕಟೆಗೆ ಡಾಕ್, ಸಾಕ್ಷ್ಯಕ್ಕೆ ಎವಿಡೆನ್ಸ್. ಇಂಥ ಪದಗಳ ನಡುವೆಯೂ ಪ್ರೀತಿ ಹುಟ್ಟುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕನ್ವಿಕ್ಟ್ ಎಂದರೆ ಶಿಕ್ಷೆಯಾದವನು ಎಂದಾಗ ಕದಿರಪ್ಪ ಮುಖ ಸಿಂಡರಿಸಿ, "ಇದು ಬ್ಯಾಡ, ಅಳಿಸ್ರಿ" ಎಂದಿದ್ದ. ಅವಳು ನಿಜವಾಗಿಯೂ ಅಳಿಸಿದ್ದಳು!

ಎಫ್ ಬಂದ ದಿನ ಕಾನ್‌ಸ್ಟೇಬಲ್‌ಗಳೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಕೋದಂಡಪ್ಪ ಒಳಗೆ ಕಾಫಿ ಕಾಯಿಸುತ್ತಿದ್ದರು.

"ಫೈನ್. ಅಂದರೆ ದಂಡ," ಎಂದಳು. "ಚೆಂದ ಅಂತಲೂ ಅರ್ಥ ಇದೆ."

"ಒಂದೇ ಮಾತಿಗೆ ಎಲ್ಡು ಅರ್ಥಾನಾ? ಅದು ಮೋಸ ಅಲ್ವಾ ಟೀಚರಮ್ಮ!"

"ಮೋಸ ಏನು ಬಂತು? ಯಾವಾಗ ಹೇಳ್ತಾರೆ ಅಂತ ನೋಡಿ ಅರ್ಥ ಮಾಡ್ಕೋಬೇಕು."

"ಅಂಗಾದ್ರೆ ನೀವು ಫೈನು ಅಂತ ನಾನಂದ್ರೆ... ಅದು ದಂಡಾನಾ, ಚೆಂದಾನಾ?"

ಅವಳ ಮುಖ ಕೆಂಪಾಯಿತು. ಕದಿರಪ್ಪ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

"ಆ ಬರಿ ಕಿವಿಗೆ ಏನಾರ ಆಕ್ಕೊಂಡ್ರೆ ಇನ್ನೂ ಚೆಂದ..."

ಅಮ್ಮಾಜಿಯ ಕೈ ತಾನಾಗಿ ಕಿವಿಗೆ ಹೋಯಿತು. ಕಿವಿಯ ತೂತು ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಒಳಗೆ ಲೋಟದ ಸದ್ದಾಯಿತು. ಅಪ್ಪ ಕೇಳಿಸಿಕೊಂಡರೇ?

"ನಾಳೆಯಿಂದ ನೀವು ಪಾಠಕ್ಕೆ ಬರಬೇಡಿ," ಎಂದಳು.

"ತಪ್ಪಾಯ್ತು ಟೀಚರಮ್ಮ, ನಾನು ಅಂಗಲ್ಲ..."

"ಬರಬೇಡಿ ಅಂದೆ!"

ಅವನು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಮ್ಮಾಜಿ ತಲೆನೋವೆಂದು ಹೇಳಿ ಪಾಠವನ್ನು ಎಫ್‌ಗೇ ನಿಲ್ಲಿಸಿದಳು. ಹೊರಗೆ ಯಾರ ಹೆಜ್ಜೆ ಸದ್ದಾದರೂ ಬಾಗಿಲಿಗೆ ಬರುತ್ತಿದ್ದಳು. ಮೆಟ್ಟಿಲ ಮೇಲೆ ಧೂಳು ಇರುತ್ತಿರಲಿಲ್ಲ.

ಒಂದು ಸಂಜೆ ಹೆಜ್ಜೆ ಸದ್ದು ಕೇಳಿಸಿತು. ಬಂದವನು ಬಚ್ಚಪ್ಪ.

"ಅಮ್ಮಾ, ಕದಿರನ್ನ ಗೇಟಲ್ಲಿ ಇಡುದ್ರು! ಪಂಚೆ ಗಂಟಿನಾಗೆ ಓಲೆ ಸಿಕ್ತು, ಒಂದ್ ಜೊತೆ. ಗಣಿ ಚಿನ್ನ ಕದ್ದು ಕರಗ್ಸಿ ಮಾಡ್ಸವ್ನೆ ಅಂತ ಕೇಸು. ಯಾರ್ಗೆ ತಂದ್ಯೋ ಅಂದ್ರೆ ತುಟಿ ಬಿಚ್ಚಾಕಿಲ್ಲ ಬಡ್ಡಿಮಗ!"

ಓಲೆ!

'ನನಗಾಗಿ... ನನ್ನ ಬರಿ ಕಿವಿಗಾಗಿ ಕದ್ದನೇ? ದಿನಾ ಕಳ್ಳ ಎನ್ನಿಸಿಕೊಂಡು ಕೋಪ ಮಾಡಿಕೊಳ್ಳುತ್ತಿದ್ದವನು ಕೊನೆಗೆ ಕಳ್ಳನೇ ಆದನೇ?'

ಇಲ್ಲ. ಅವನು ಕದ್ದಿರುವುದಿಲ್ಲ. ಕೋರ್ಟಿನಲ್ಲಿ ಹೇಳುತ್ತಾನೆ. ಒಂದೇ ಮಾತು ಹೇಳಿದರೆ ಸಾಕು, ಓಲೆಯನ್ನು ಪರೀಕ್ಷೆಗೆ ಕಳಿಸುತ್ತಾರೆ, ಸಾಕ್ಷಿ ಕೇಳುತ್ತಾರೆ. ಆ ಒಂದು ಮಾತು ಕೇಳಲೆಂದೇ ಅವಳು ಶಾಲೆಗೆ ರಜೆ ಹಾಕಿ ಕೋರ್ಟಿಗೆ ಹೋದಳು. ಹಿಂದಿನ ಬೆಂಚಿನಲ್ಲಿ, ತರಕಾರಿ ಜಗಳದ ಕೇಸಿಗೆ ಬಂದಿದ್ದ ಹೆಂಗಸರ ನಡುವೆ ಕುಳಿತಳು.

ಕೋದಂಡಪ್ಪ ಬಾಗಿಲಲ್ಲಿ ನಿಂತು ಕದಿರಪ್ಪನ ಹೆಸರು ಕೂಗಿದರು.

ಅವನನ್ನು ಕಟಕಟೆಗೆ ತಂದು ನಿಲ್ಲಿಸಿದರು. ಧೂಳಿಲ್ಲದ ಅವನ ಮುಖವನ್ನು ಅವಳು ಅಂದೇ ಮೊದಲು ನೋಡಿದ್ದು. ಇಷ್ಟು ಚಿಕ್ಕವನೇ!

ಮ್ಯಾಜಿಸ್ಟ್ರೇಟರು ಇಂಗ್ಲೀಷಿನಲ್ಲಿ ಏನೋ ಓದಿದರು. ಪಕ್ಕದಲ್ಲಿದ್ದ ತಮಿಳು ದುಭಾಷಿಗೆ ಅವಸರ. ಹೊರಗೆ ಇನ್ನೂ ಎಷ್ಟೋ ಕೇಸುಗಳು ಕಾದಿದ್ದವು. ಅವನು ಮೇಜಿನ ಮೇಲಿದ್ದ ಓಲೆಯತ್ತ ಪೆನ್ಸಿಲು ತೋರಿಸಿ ಗದರಿದ.

"ಎನ್ನಪ್ಪಾ, ಗಿಲ್ಟಿಯಾ? ನಾಟ್ ಗಿಲ್ಟಿಯಾ? ಬೇಗ ಸೊಲ್ಲು!"

ಕದಿರಪ್ಪ ಓಲೆ ನೋಡಿದ. ಅವನ ಮುಖ ಒಮ್ಮೆಲೇ ಅರಳಿತು. ಯಾರೋ ಕೊನೆಗೂ ಸರಿಯಾದ ಪ್ರಶ್ನೆ ಕೇಳಿದರು ಎಂಬಂತೆ!

"ಗಿಲ್ಟೇ ಸ್ವಾಮಿ! ದೇವ್ರಾಣೆ ಗಿಲ್ಟೇ!"



ಕದಿರಪ್ಪ ತಿರುಗಿ, ಜನರ ನಡುವೆ ಅವಳನ್ನು ಹುಡುಕಿ ನೋಡಿದ. ಪಾಠ ಒಪ್ಪಿಸಿದ ಹುಡುಗ ಟೀಚರನ್ನು ನೋಡುವಂತೆ.

'ಒಪ್ಪಿಕೊಂಡ... ನಗುತ್ತಾ ಒಪ್ಪಿಕೊಂಡ! ಅದೂ ಇಂಗ್ಲೀಷಿನಲ್ಲೇ!'

ಅವಳು ಮುಖ ತಿರುಗಿಸಿದಳು.

ತಾನೇ ಒಪ್ಪಿಕೊಂಡ ಮೇಲೆ ಸಾಕ್ಷಿ ಯಾತಕ್ಕೆ? ಪರೀಕ್ಷೆ ಯಾತಕ್ಕೆ? ಮ್ಯಾಜಿಸ್ಟ್ರೇಟರು ಬರೆದರು. ರಿಗರಸ್ ಇಂಪ್ರಿಸನ್‌ಮೆಂಟ್ ಎಂದರು. ಕಠಿಣ ಸಜೆ, ಎರಡು ವರ್ಷ. ಕದಿರಪ್ಪನಿಗೆ ಏನೂ ತಿಳಿಯಲಿಲ್ಲ. ಮತ್ತೆ ಅವಳತ್ತಲೇ ನೋಡಿದ, ಆ ಪದದ ಅರ್ಥವೇನು ಎಂದು ಕೇಳುವಂತೆ. ಆ ಹಿಂದಿನ ಬೆಂಚುಗಳಲ್ಲಿ ಅದರ ಅರ್ಥ ಬಲ್ಲವಳು ಅವಳೊಬ್ಬಳೇ. ಅವಳು ಎದ್ದು ಹೊರಟುಹೋದಳು.

ಪೋಲೀಸರು ಅವನನ್ನು ಬಂಗಾರಪೇಟೆಯ ರೈಲು ಹತ್ತಿಸಿ ಬೆಂಗಳೂರಿನ ಜೈಲಿಗೆ ಕರೆದೊಯ್ದರು.

ಅಮ್ಮಾಜಿ ಅಳಲಿಲ್ಲ. ಶಾಲೆಗೆ ಹೋದಳು, ಬಂದಳು. ಅನ್ನ ಬೇಯಿಸಿದಳು. ಅಪ್ಪ ಮಾತನಾಡಿಸಿದರೆ ಉತ್ತರ ಕೊಟ್ಟಳು. ಒಮ್ಮೆ ಗಂಡನನ್ನು ಕಳೆದುಕೊಂಡವಳಿಗೆ ಬದುಕನ್ನು ಹೀಗೆ ನಡೆಸುವುದು ಗೊತ್ತಿರುತ್ತದೆ. ಆದರೆ ಆ ಬಾರಿ ಜನ ಬಂದು ಸುತ್ತ ಕುಳಿತು ಅತ್ತಿದ್ದರು. ಈ ಬಾರಿ ಯಾರಿಗೂ ಗೊತ್ತೇ ಇರಲಿಲ್ಲ.

ಒಂದು ಮಳೆಗಾಲ ಕಳೆಯಿತು. ಇನ್‌ಸ್ಪೆಕ್ಟರು ಹೊಸ ಕಾನ್‌ಸ್ಟೇಬಲ್‌ಗಳನ್ನು ಕಳಿಸಿದರು. ಬಚ್ಚಪ್ಪ ಪೋಲೀಸರ ಇಂಗ್ಲೀಷ್ ಪರೀಕ್ಷೆಯಲ್ಲಿ ನಪಾಸಾಗಿದ್ದರಿಂದ ಅವನೂ ಮತ್ತೆ ಬಂದು ಕುಳಿತ. ಪಾಠ ಮೊದಲಿನಿಂದ ಶುರುವಾಯಿತು. ಎ, ಬಿ, ಸಿ... ಎಫ್ ಬಂದ ದಿನ ಅವಳು ಫೈನ್ ಎಂದರೆ ದಂಡ ಎಂದಷ್ಟೇ ಹೇಳಿ ಮುಂದೆ ಹೋದಳು.

ಹಲಗೆಯ ಮೇಲೆ ಜಿ ಬರೆದಳು. ಅದರ ಕೆಳಗೆ ಗಿಲ್ಟಿ ಎಂದು ಬರೆದಳು.

"ಗಿಲ್ಟಿ. ಹೇಳಿ ಬಚ್ಚಪ್ಪ, ಏನರ್ಥ?"

ಬಚ್ಚಪ್ಪ ಗಲ್ಲ ತುರಿಸಿಕೊಂಡ. "ಗಿಲ್ಟಿ... ಅಂದ್ರೆ ಗಿಲ್ಟು ಅಲ್ವಾ ಅಮ್ಮ? ನಮ್ಮ ಎಂಡ್ರು ಆಕ್ಕೊಂತಾಳಲ್ಲ, ಹಿತ್ತಾಳೆ ಮ್ಯಾಲೆ ಚಿನ್ನದ ನೀರು ಆಯ್ಸಿದ್ದು. ಗಿಲ್ಟು ಒಡವೆ!"

ಎಲ್ಲರೂ ನಕ್ಕರು.

ಅಮ್ಮಾಜಿ ಹಲಗೆಯನ್ನೇ ನೋಡುತ್ತಾ ನಿಂತಳು.

"ಏನಂದಿರಿ?"

"ಗಿಲ್ಟು ಅಮ್ಮ. ಕಾಗೆ ಬಂಗಾರ. ಆ ಕದಿರ ತಂದಿದ್ನಲ್ಲ, ಅದೂ ಗಿಲ್ಟೇ! ಶಿಕ್ಷೆ ಆದ್ಮೇಲೆ ಅಕ್ಕಸಾಲಿ ಒರೆಗೆ ಉಜ್ಜಿದ್ರೆ ಬರೀ ಹಿತ್ತಾಳೆ. ನಾವೆಲ್ಲಾ ನಕ್ಕಿದ್ದೇ ನಕ್ಕಿದ್ದು. ಹಿತ್ತಾಳೆಗೆ ಯಾಕ್ಲಾ ಒಪ್ಕೊಂಡ ಪೆದ್ದ ಅಂತ!"

ಗಿಲ್ಟಿಯಾ? ಗಿಲ್ಟೇ ಸ್ವಾಮಿ! ದೇವರಾಣೆ ಗಿಲ್ಟೇ!

ಅವನು ಒಪ್ಪಿಕೊಂಡಿರಲಿಲ್ಲ... ಇದು ಚಿನ್ನವಲ್ಲ ಸ್ವಾಮಿ ಎಂದಿದ್ದ. ನಾನು ಕದ್ದಿಲ್ಲ ಎಂದಿದ್ದ. ತನಗೆ ಗೊತ್ತಿದ್ದ ಒಂದೇ ಅರ್ಥದಲ್ಲಿ ಸತ್ಯ ಹೇಳಿದ್ದ. ಇನ್ನೊಂದು ಅರ್ಥವನ್ನು ಕಲಿಸಬೇಕಾದವಳು ಎಫ್‌ಗೇ ಅವನನ್ನು ಮೆಟ್ಟಿಲಿನಿಂದ ಎಬ್ಬಿಸಿ ಕಳಿಸಿದ್ದಳು!

ಅಮ್ಮಾಜಿ ಅಂಗೈಯಿಂದ ಆ ಪದ ಒರೆಸಿದಳು. ಅಳಿಸಿಹೋದ ಮೇಲೂ ಒರೆಸುತ್ತಲೇ ಇದ್ದಳು. ಕಾನ್‌ಸ್ಟೇಬಲ್‌ಗಳು ಒಬ್ಬೊಬ್ಬರಾಗಿ ಎದ್ದು ಹೋದರು.

ಕೋದಂಡಪ್ಪ ಎಲ್ಲ ಕೇಳಿ ಕೋರ್ಟಿನ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು.

"ಅವನಿಗೆ ಕಾಯಿಲೆಯಂತೆ. ಜೈಲಿನೋರೇ ಅವಧಿಗೆ ಮುಂಚೆ ಊರಿಗೆ ಕಳಿಸವ್ರೆ," ಎಂದರು ಕೊನೆಗೆ. "ಓಗ್ತೀಯಾ?"

"ಹೋಗ್ತೀನಿ ಅಪ್ಪ."

"ಓದ್ರೆ ನಿನ್ನ ಕೆಲಸ ಓಯ್ತದೆ. ನನ್ನ ಕೆಲಸಾನೂ ಓಯ್ತದೇನೋ. ಕಳ್ಳನ ಮನೆ ಒಕ್ಕವಳು ನನ್ನ ಮನೆಗೆ ಬರೋದು ಬ್ಯಾಡ ತಾಯಿ." ಬೈದಂತಿರಲಿಲ್ಲ ಅದು. ಬೇಡಿಕೊಂಡಂತಿತ್ತು.

ಬಂಗಾರಪೇಟೆಯಲ್ಲಿ ರೈಲು ಇಳಿದು ಅವಳು ಮೊದಲು ವಕೀಲರೊಬ್ಬರ ಮನೆಗೆ ಹೋದಳು. ವಯಸ್ಸಾದವರು. ಗಮನವಿಟ್ಟು ಕೇಳಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಾನು ನಂಬ್ತೀನಮ್ಮ. ಆದ್ರೆ ನಾನು ನಂಬಿ ಏನು? ಓಲೆ ಹಿತ್ತಾಳೆ ಅಂತ ಅಕ್ಕಸಾಲಿ ಹೇಳಿದ್ದು ಕೋರ್ಟಿನ ಕಾಗದದಲ್ಲಿಲ್ಲ, ತಪ್ಪೊಪ್ಪಿಗೆ ಮಾತ್ರ ದಾಖಲಾಗಿದೆ. ಒಪ್ಪಿಕೊಂಡವನಿಗೆ ತೀರ್ಪಿನ ಮೇಲೆ ಅಪೀಲಿಲ್ಲ. ಶಿಕ್ಷೆ ಜಾಸ್ತಿಯಾಯ್ತು ಅಂತ ಕೇಳಬಹುದಿತ್ತು, ಆ ಗಡುವೂ ಮುಗಿದಿದೆ."

"ಬೇರೆ ದಾರಿಯೇ ಇಲ್ಲವೇ ಸಾರ್?"

"ಹೈಕೋರ್ಟಿಗೆ ಬೇಡ್ಕೋಬಹುದು. ದುಭಾಷಿ ಬಂದು, ನಾನು ಸರಿಯಾಗಿ ಕೇಳಲಿಲ್ಲ ಅಂತ ಹೇಳಬೇಕು. ಹೇಳ್ತಾನೇನು?"

ಅವಳು ಕೈಮುಗಿದು ಎದ್ದಳು.

ಕಾಮಸಮುದ್ರ ತಲುಪಿದಾಗ ಮಧ್ಯಾಹ್ನ. ಮನೆ ತೋರಿಸಿದ ಹೆಂಗಸು, "ಕಳ್ಳನ ಮನೇನಾ?" ಎಂದು ಖಚಿತಪಡಿಸಿಕೊಂಡೇ ತೋರಿಸಿದಳು. ಅಂಗಳದಲ್ಲಿ ಕದಿರಪ್ಪನ ತಾಯಿ ನರಸಮ್ಮ ರಾಗಿ ಕೇರುತ್ತಿದ್ದಳು.

"ಯಾರಮ್ಮ ನೀನು?"

"ಕೋರಮಂಡಲ್‌ನಿಂದ ಬಂದೆ..."

"ಆ ಊರಿನ ಎಸ್ರು ಎತ್ಬ್ಯಾಡ," ಎಂದು ಮೊರವೆತ್ತಿಕೊಂಡು ನರಸಮ್ಮ ಒಳಗೆ ಹೋಗಿಬಿಟ್ಟಳು.

ಗೋಡೆಗೆ ಒರಗಿ, ಬಿಸಿಲಿನಲ್ಲಿ ಕಂಬಳಿ ಹೊದ್ದು ಒಬ್ಬ ಕುಳಿತಿದ್ದ. ಯಾರೋ ಮುದುಕನೆಂದುಕೊಂಡಳು. ಅವನು ಕಣ್ಣೆತ್ತಿದ.

ಅವೇ ಕಣ್ಣುಗಳು!

"ಟೀಚರಮ್ಮ... ಅಲ್ಲೇ ನಿಂತ್ಕಳಿ. ಅತ್ರ ಬರ್ಬ್ಯಾಡಿ. ಕೆಮ್ಮೈತೆ."

ಅಮ್ಮಾಜಿ ನಿಂತಲ್ಲೇ ನೆಲದ ಮೇಲೆ ಕುಳಿತಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅವತ್ತು ಕೋರ್ಟಿನಲ್ಲಿ... ಅವರು ಏನು ಕೇಳಿದರು ಅಂತ ತಿಳ್ಕೊಂಡೆ ನೀನು?"

"ಇನ್ನೇನು ಕೇಳ್ತಾರೆ? ಓಲೆ ಗಿಲ್ಟಾ ಅಲ್ವಾ ಅಂತ. ಗಿಲ್ಟು ಅಂದೆ. ಗೇಟಿನಾಗೆ ಬಡ್ಕೊಂಡಾಗ ಯಾರೂ ಕೇಳಿರ್ಲಿಲ್ಲ, ಅಲ್ಲಿ ದಿಟ ಏಳ್ದೆ, ಜೈಲಿಗೆ ಆಕಿದ್ರು." ಅವನು ಉಸಿರಿಗಾಗಿ ನಿಂತ. "ನಿಮ್ ಕಡೆ ನೋಡ್ದೆ. ನಿಮಗೆ ಇಂಗ್ಲೀಷ್ ಬತ್ತದೆ, ಎದ್ದು ನಿಂತು ಯೇಳ್ತೀರಿ ಅಂತ. ನೀವು ಮೊಕ ತಿರುಗ್ಸಿದ್ರಿ. ಜೈಲಿನಾಗೆ ಕಲ್ಲು ಒಡೀತಾ ಅದೊಂದೇ ಯೋಚ್ನೆ. ಯಾಕೆ ತಿರುಗ್ಸಿದ್ರು... ಯಾಕೆ?"

ಅವಳು ಹೇಳಿದಳು. ಆ ಪದದ ಇನ್ನೊಂದು ಅರ್ಥ ಹೇಳಿದಳು. ತಾನು ಏನೆಂದು ಕೇಳಿಸಿಕೊಂಡೆ ಎಂಬುದನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಕದಿರಪ್ಪ ಎರಡು ಪದಗಳನ್ನೂ ಮೆಲ್ಲಗೆ ಹೇಳಿ ನೋಡಿದ. ಆಮೇಲೆ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಬಾಯಿಗೆ ಒತ್ತಿದ ಬಟ್ಟೆಯನ್ನು ಅವನು ಬೇಗ ಮಡಚಿ ಕಂಬಳಿಯೊಳಗೆ ಇಟ್ಟುಕೊಂಡ. ಅಷ್ಟರಲ್ಲಿ ಅವಳು ಬಣ್ಣ ನೋಡಿದ್ದಳು.

"ನೀವು ಬರ್ಬ್ಯಾಡಿ ಅಂದ್ರಲ್ಲ... ಅದರ ಮಾರ್ನೆ ದಿನದ ಪಾಠಾನಾ ಅದು?"

"ಹೌದು."

"ಅಯ್ಯೋ ರಾಮ... ಒಂದಿನ!"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಳಬ್ಯಾಡಿ. ಈಗ ಗೊತ್ತಾಯ್ತಲ್ಲ, ಕೋರ್ಟಿಗೆ ಯೇಳಬೋದಾ? ಅಪೀಲು ಅಂತಾರಲ್ಲ, ಅದು?"

ಅವನ ಕಣ್ಣಿನಲ್ಲಿ ಆಸೆ ಇತ್ತು. ಸುಳ್ಳು ಹೇಳಬಹುದಿತ್ತು. 'ಒಂದು ಸುಳ್ಳಿನಿಂದ ಇವನಿಗೆ ಒಂದು ವಾರ ನೆಮ್ಮದಿಯ ನಿದ್ದೆ ಬರಬಹುದು...'

"ಆಗಲ್ಲವಂತೆ. ವಕೀಲರನ್ನ ಕೇಳಿಯೇ ಬಂದೆ."

"ಅಂಗಾದ್ರೆ ನಾನು ಸತ್ತಮ್ಯಾಲೂ ಆ ಕಾಗದದಾಗೆ ಕಳ್ಳಾನೇ?"

"ಹೌದು."

ಅವನು ತಲೆಯಾಡಿಸಿದ. ಒಂದು ಕೋಳಿ ಇಬ್ಬರ ನಡುವೆ ಕಾಳು ಹೆಕ್ಕುತ್ತಾ ಹಾದುಹೋಯಿತು.

"ಓಲೆ ಯಾರಿಗೆ ಅಂತ ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ?" ಅಮ್ಮಾಜಿ ಕೇಳಿದಳು.

"ನಿಮ್ಮಪ್ಪ ಅಲ್ಲೇ ನಿಂತಿದ್ರು. ಗಂಡನಿಲ್ಲದ ಮಗಳಿಗೆ ಗಣಿಯೋನು ಓಲೆ ತಂದ ಅಂತ ನಾನು ಊರಿಗೆಲ್ಲಾ ಸಾರ್ಲಾ? ತಪ್ಪಾಯ್ತು ಅಂತ ಕೊಡಾನಾ ಅಂದ್ಕೊಂಡೆ. ಬಂಗಾರಪೇಟೆ ಸಂತೇಲಿ ಕೊಂಡು ನೇರ ಪಾಳಿಗೆ ಓದೆ. ಒಳೀಕೆ ಓಗೋವಾಗ ಯಾರೂ ತಡವಾಕಿಲ್ಲ ನೋಡಿ, ಈಚೆ ಬರೋವಾಗ್ಲೇ..." ಅವನು ನೆಲ ನೋಡಿದ. "ಚಿನ್ನದ್ದು ತರೋ ಯೋಗ್ತೆ ಇರ್ಲಿಲ್ಲ. ಅದಕ್ಕೇ ಗಿಲ್ಟು."

"ನಾನು ಇಲ್ಲೇ ಇರ್ತೀನಿ ಕದಿರಪ್ಪ."

"ತಲೆ ಕೆಟ್ಟೈತಾ ನಿಮಗೆ? ಡಾಕ್ಟ್ರು ಏನಂದವ್ರೆ ಗೊತ್ತಾ? ಸುಗ್ಗಿ ಕಾಣೋದೇ ಕಷ್ಟ ಅಂತವ್ರೆ. ಗಣಿ ಧೂಳು, ಜೈಲು ಧೂಳು, ಎಲ್ಡೂ ಸೇರ್ಕೊಂಡು ತಿಂದವೆ."

"ಗೊತ್ತು. ಕೆಮ್ಮು ಕೇಳಿದೆನಲ್ಲ."

"ಒಂದ್ ಕಿತ ಗಂಡನ್ನ ಕಳ್ಕೊಂಡೋಳು. ಇನ್ನೊಂದ್ ಕಿತ ಯಾಕೆ?"

"ಅವನ ಮುಖವೇ ನನಗೆ ನೆನಪಿಲ್ಲ. ಈ ಸಲ ಮುಖ ನೋಡ್ಕೊಂಡು ಕಳ್ಕೋತೀನಿ."

ಕದಿರಪ್ಪ ಕಂಬಳಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡ.

ಒಳಗಿನಿಂದ ನರಸಮ್ಮ ಕೂಗಿದಳು.

"ಲೇ ಕದಿರಾ! ಎಸರಿಗೆ ಇಡ್ತಾ ಇವ್ನಿ. ಆಯಮ್ಮ ಓಯ್ತಾಳಾ, ಇರ್ತಾಳಾ?"

ಅವನು ಅಮ್ಮಾಜಿಯನ್ನು ನೋಡಿದ. ಅವಳು ಕದಲಲಿಲ್ಲ.

"ಇರ್ತಾಳಂತವ್ವ," ಎಂದ.

ಒಳಗೆ ಪಾತ್ರೆಗೆ ಇನ್ನೊಂದು ಚೊಂಬು ನೀರು ಸುರಿದ ಸದ್ದಾಯಿತು.

"ಮುದ್ದೆ ತೊಳ್ಸಕ್ಕೆ ಬತ್ತದಾ ನಿಂಗೆ?" ಅವನು ಮೆಲ್ಲಗೆ ಕೇಳಿದ.

"ಬರ್ತದೆ. ಗಂಟಾಗ್ತದೆ."

"ಗಂಟಾದ್ರೆ ನಂಗೆ ನುಂಗಕ್ಕಾಗಲ್ಲ ಕಣೆ."

"ದಿನಾ ಮಾಡ್ತಾ ಮಾಡ್ತಾ ಸರಿಹೋಗ್ತದೆ."

"ದಿನ ಜಾಸ್ತಿ ಇಲ್ಲ, ಅಮ್ಮಾಜಿ."

"ಇರೋಷ್ಟು ದಿನ ಮಾಡ್ತೀನಿ."

ಅವನು ಕಂಬಳಿಯ ಅಂಚು ಸರಿಸಿ ಗೋಡೆಯ ಪಕ್ಕ ಜಾಗ ಮಾಡಿದ.

"ಇತ್ಲಾಗೆ ಬಾ. ಅಲ್ಲಿ ನೆಳ್ಳು ಬಂತು."